ಹ್ಯಾಲೋವೀನ್ ರಾತ್ರಿ ನಮ್ಮ ಕಡೆ ದೆವ್ವದ ಕಥೆ, ಸಿನಿಮಾ: ಹೆಂಗೆ ಮಾಡಿದ್ರೆ ನಿಜವಾಗ್ಲೂ ಭಯ ಆಗುತ್ತೆ

ಅಕ್ಟೋಬರ್ 31 ಬಂತು ಅಂದ್ರೆ ಈಗ ಮೈಸೂರಲ್ಲೂ ಹುಡುಗ್ರು ಟೆರೇಸ್ ಮೇಲೆ ಸೇರಿ ದೆವ್ವದ ಸಿನಿಮಾ ಹಾಕ್ತಾರೆ, ಒಳ್ಳೇದೇ, ಆದ್ರೆ ಅರ್ಧಕ್ಕೇ ಎಲ್ರೂ ಮೊಬೈಲ್ ಹಿಡ್ಕೊಂಡಿರ್ತಾರೆ. ಹಂಗಾಗ್ಬಾರ್ದು ಅಂದ್ರೆ ಮೊದ್ಲು ಒಂದ್ ವಿಷ್ಯ ತಲೇಲಿರ್ಲಿ, ಕಣ್ಣಿಗೆ ಕಾಣೋದಕ್ಕಿಂತ ಕಾಣದೇ ಇರೋದಕ್ಕೇ ಹೆದರಿಕೆ ಜಾಸ್ತಿ.

ಹ್ಯಾಲೋವೀನ್ ಹುಟ್ಟಿದ್ದು ಐರ್ಲೆಂಡ್ ಕಡೆ, ಸುಗ್ಗಿ ಮುಗಿದ ಆ ರಾತ್ರಿ ಸತ್ತೋರು ಬರ್ತಾರೆ ಅಂತ ಅವ್ರ ಹಳೇ ನಂಬಿಕೆ. ನಮ್ ಹಳ್ಳಿಗಳಲ್ಲೂ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು ಬಾಗ್ಲು ಮುಚ್ಚಿ ಸ್ವಲ್ಪ ಹೊತ್ತು ಆಚೆ ಕೂರ್ತಾರಲ್ವಾ, ಆಗ ಮಕ್ಕಳ ಮುಖ ನೋಡಿ, ಒಳಗೆ ಏನಾಗ್ತಿದೆ ಅನ್ನೋದೇ ಅವ್ರಿಗೆ ದೊಡ್ಡ ಕಥೆ. ನಿಮ್ಮ ಕಥೇಲೂ ಆ ಬಾಗ್ಲು ಬೇಗ ತೆಗೀಬೇಡಿ.

ಕೇಳೋರು ಓಡಾಡಿರೋ ಜಾಗದ ಕಥೇನೇ ಆರಿಸ್ಕೊಳ್ಳಿ. ನಮಗೆ ತಲಕಾಡಿಗಿಂತ ಬೇಕಾ? 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡ್ರು, ಒಡವೆಗೋಸ್ಕರ ಸೈನಿಕರು ಬೆನ್ನು ಹತ್ತಿದಾಗ, ಅಲ್ಲಿ ಮುಂಚೆ ಆಳ್ತಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಕಾವೇರಿಗೆ ಹಾರಿದ್ಲು ಅಂತಾರೆ, ಹಾರೋ ಮುಂಚೆ "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ" ಅಂದ್ಲಂತೆ. ಇದನ್ನ ಜೋರಾಗಿ ಕೂಗಿ ಹೇಳ್ಬೇಡಿ. ದನಿ ಇಳಿಸಿ, ಒಂದೊಂದು ಮಾತಿಗೂ ಗ್ಯಾಪ್ ಕೊಡಿ, ಆಮೇಲೆ ಅಲ್ಲಿ ಮರಳೊಳಗೆ ಹೂತಿರೋ ಗುಡಿಗಳ ಬಗ್ಗೆ ಹೇಳಿ ಸುಮ್ನಾಗಿ. ನದಿ ತಿರುವಿನ ಮರಳನ್ನ ಗಾಳಿ ತಂದು ಹಾಕ್ತು ಅನ್ನೋ ವಿವರಣೆ ನಿಜಾನೇ, ಆದ್ರೆ ಅದು ಬೆಳಿಗ್ಗೆಗೆ ಇರ್ಲಿ.

ಸಿನಿಮಾ ಆದ್ರೆ ಸೌಂಡ್ ಮುಖ್ಯ ಕಣ್ರಿ, ಲ್ಯಾಪ್‌ಟಾಪ್ ಸ್ಪೀಕರಲ್ಲಿ ಯಾವ ದೆವ್ವಾನೂ ಹೆದರ್ಸಲ್ಲ, ಒಂದು ಸ್ಪೀಕರ್ ಎಲ್ಲಿಂದಾದ್ರೂ ತಂದ್ಬಿಡಿ. 1978ರ ಜಾನ್ ಕಾರ್ಪೆಂಟರ್ 'ಹ್ಯಾಲೋವೀನ್' ಹಾಕಿ ನೋಡಿ, ರಕ್ತ ತುಂಬಾ ಕಮ್ಮಿ, ಡೈರೆಕ್ಟರೇ ಮಾಡಿರೋ ಪಿಯಾನೋ ಮ್ಯೂಸಿಕ್ಕೇ ಅರ್ಧ ಕೆಲ್ಸ ಮಾಡುತ್ತೆ, ಒಂದ್ ಸೀನ್ ಮ್ಯೂಟ್ ಮಾಡಿ ನೋಡಿದ್ರೆ ಗೊತ್ತಾಗುತ್ತೆ. ಮನೇಲಿ ದೊಡ್ಡೋರಿದ್ರೆ 1979ರ 'ನಾ ನಿನ್ನ ಬಿಡಲಾರೆ' ಹಾಕಿ, ಅನಂತ್ ನಾಗ್ ಅಂತ ಅವ್ರೂ ಬಂದು ಕೂರ್ತಾರೆ.

ಕುರ್ಚಿ ಬೇಡ, ಚಾಪೆ ಹಾಸಿ ಒತ್ತೊತ್ತಾಗಿ ಕೂರ್ಸಿ. ಹೆದರಿದಾಗ ಅಡ್ರಿನಲಿನ್ ಏರಿ ಎದೆ ಹೊಡ್ಕೊಳುತ್ತೆ, ಆದ್ರೆ ಪಕ್ಕದೋರ ಭುಜ ತಾಗ್ತಿದ್ರೆ ಏನೂ ಆಗಲ್ಲ ಅನ್ನೋ ಧೈರ್ಯಾನೂ ಇರುತ್ತೆ, ಎರಡೂ ಸೇರಿದ್ರೇನೇ ಮಜಾ, ಜನ ಮತ್ತೆ ಮತ್ತೆ ಇದನ್ನೇ ಕೇಳ್ಕೊಂಡು ಬರೋದು ಅದಕ್ಕೇ.

ಚಿಕ್ಕ ಮಕ್ಕಳಿದ್ರೆ ಸಿನಿಮಾ ಬೇಡವೇ ಬೇಡ, ಕಥೆ ಸಾಕು. ಮಗು ಮುಖ ನೋಡ್ಕೊಂಡು ಕಥೆ ತಿರುಗಿಸ್ಬಹುದು, ಸಿನಿಮಾಗೆ ಅದು ಬರಲ್ಲ. ಮುಗಿದ್ಮೇಲೆ ಲೈಟ್ ಹಾಕಿ, ಎಲ್ರಿಗೂ ಕಾಫಿ ಕೊಟ್ಟು ಸ್ವಲ್ಪ ಹೊತ್ತು ಬೇರೆ ಮಾತಾಡಿ, ದೂರ ಹೋಗೋರನ್ನ ಒಬ್ಬೊಬ್ರನ್ನೇ ಕಳಿಸ್ಬೇಡಿ.