ಬೆಟಾಡಿನ್ ಅಳೆದು ಸುರಿದೆವು, ಟಿಎಸ್‌ಎಚ್ ರಿಪೀಟ್ ಇಳಿಯಿತು: ಹೆರಿಗೆ ವಾರ್ಡಿನ ನನ್ನ ಅನುಭವ

ನಮ್ಮಲ್ಲಿ ಹುಟ್ಟಿ ಮನೆಗೆ ಹೋದ ಕೂಸುಗಳಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಕೆಲಸ ಕುಂದಿದಾಗ ಏರುವ ಹಾರ್ಮೋನು) ಹೆಚ್ಚು ಬಂದು ಮರುಪರೀಕ್ಷೆಗೆ, ನಮ್ಮ ಮಾತಲ್ಲಿ ರಿಪೀಟ್‌ಗೆ, ವಾಪಸ್ ಬರುವವು ಈಗ ತಿಂಗಳಿಗೆ ಒಂದೋ ಎರಡೋ. ಮೊದಲು ಎಂಟು-ಹತ್ತು ಇರುತ್ತಿದ್ದವು. ತಿಂಗಳಿಗೆ ನೂರು-ನೂರಿಪ್ಪತ್ತು ಹೆರಿಗೆ ಆಗುವ ಮಲೆನಾಡಿನ ಖಾಸಗಿ ಆಸ್ಪತ್ರೆಗೆ ಅದು ವಿಪರೀತ. "ಸಿಸ್ಟರ್, ಬೆಟಾಡಿನ್ ಕಡಿಮೆ ಮಾಡಿ ನೋಡಿ, ಹೊಲಿಗೆಯೆಲ್ಲ ಕೀವು ಕಟ್ಟುತ್ತೆ" ಅಂದವರೇ ಈಗ ನನ್ನ ರಿಜಿಸ್ಟರಿನ ಜೆರಾಕ್ಸ್ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿದ್ದೇನೆ. ಗಾಯಕ್ಕೆ, ಚರ್ಮಕ್ಕೆ ಹಚ್ಚುವ ಕಂದು ಕ್ರಿಮಿನಾಶಕ ಪೊವಿಡೋನ್ ಅಯೋಡಿನ್ ಯಾವ ಕಂಪನಿಯದಾದರೂ ವಾರ್ಡಿನಲ್ಲಿ ನಾವು ಅದಕ್ಕೆ ಬೆಟಾಡಿನ್ ಅಂತಲೇ ಅನ್ನುವುದು, ಇಲ್ಲೂ ಹಾಗೇ ಓದಿಕೊಳ್ಳಿ.

ವಾಪಸ್ ಬಂದವುಗಳಲ್ಲಿ ಹೆಚ್ಚಿನವುಗಳ ಟಿಎಸ್‌ಎಚ್ 20 ದಾಟಿ 30ರ ಒಳಗೆ ನಿಂತಿತ್ತು. ಎರಡು-ಮೂರು ವಾರ ಬಿಟ್ಟು ನೋಡಿದರೆ ನಾರ್ಮಲ್. ಆದರೆ ಅಷ್ಟರೊಳಗೆ ಎಸ್ಟೇಟ್ ಲೈನಿನ ಬಾಣಂತಿ ಹಸಿಗೂಸು ಎತ್ತಿಕೊಂಡು ಎರಡು ಬಸ್ ಬದಲಾಯಿಸಿ ಬರಬೇಕು. ಟೆಸ್ಟಿಗೆ ಮುನ್ನೂರು-ನಾನೂರು, ಗಂಡನ ಒಂದು ದಿನದ ಕೂಲಿ, ಮೇಲಿಂದ ಅತ್ತೆಯ "ಮಗೀಗೆ ಏನಾಗಿದೆ?" ಬೇರೆ. ಕೆಲವರು ಬರುತ್ತಲೇ ಇರಲಿಲ್ಲ. ನನಗೆ ಹೆದರಿಕೆ ಇದ್ದದ್ದು ಅವರದ್ದೇ. ಸಾವಿರಕ್ಕೊಂದು ಕೂಸಿಗೆ ನಿಜವಾಗಿಯೂ ಥೈರಾಯ್ಡ್ ಹಾರ್ಮೋನ್ ಸಾಲುವುದಿಲ್ಲ. ಸುಳ್ಳು ಗಂಟೆ ದಿನಾ ಬಾರಿಸುತ್ತಿದ್ದರೆ ನಿಜವಾದದ್ದನ್ನು ಯಾರು ಕೇಳುತ್ತಾರೆ?

ಮೊದಲು ಎಲ್ಲರೂ ಬೈದದ್ದು ಲ್ಯಾಬಿಗೆ. ಲ್ಯಾಬ್ ಬದಲಾಯಿಸಿ ದುಡ್ಡು ಹೆಚ್ಚು ಕೊಟ್ಟೆವು, ಫಲ ಅಷ್ಟಕ್ಕಷ್ಟೆ. ಆಮೇಲೆ ಸ್ಯಾಂಪಲ್ ಹೊತ್ತು ಸರಿಮಾಡಿದೆವು. ಬೇಗ ಡಿಸ್ಚಾರ್ಜ್ ಅಂತ 24 ಗಂಟೆಗೇ ಹಿಮ್ಮಡಿ ಚುಚ್ಚುತ್ತಿದ್ದದ್ದನ್ನು 72 ಗಂಟೆಗೆ ತಂದಾಗ ಎರಡು-ಮೂರು ಇಳಿದವು, ಅಲ್ಲಿಗೆ ನಿಂತಿತು. ಕೇಸ್‌ಶೀಟ್‌ಗಳನ್ನೆಲ್ಲ ರಾತ್ರಿಪಾಳಿಯಲ್ಲಿ ಟೇಬಲ್ ಮೇಲೆ ಹರವಿದೆ. ಸಿಸೇರಿಯನ್, ಹೊಲಿಗೆ ಬಿದ್ದ ಹೆರಿಗೆ, ತಿಂಗಳು ತುಂಬದೆ ಎನ್‌ಐಸಿಯುನಲ್ಲಿದ್ದ (ಹಸಿಗೂಸುಗಳ ಐಸಿಯು) ಕೂಸು. ಎಲ್ಲಿ ಬೆಟಾಡಿನ್ ಜಾಸ್ತಿಯೋ ಅಲ್ಲೇ ರಿಪೀಟ್ ಜಾಸ್ತಿ.

ವುಲ್ಫ್-ಚೈಕಾಫ್ ನಿಮಗೆಲ್ಲ ಗೊತ್ತಿದ್ದದ್ದೇ: ಅಯೋಡಿನ್ ವಿಪರೀತವಾದರೆ ಥೈರಾಯ್ಡ್ ಗ್ರಂಥಿ ಹಾರ್ಮೋನ್ ಮಾಡುವುದನ್ನು ನಿಲ್ಲಿಸಿಬಿಡುತ್ತದೆ. ದೊಡ್ಡವರ ಗ್ರಂಥಿ ಕೆಲವು ದಿನದಲ್ಲಿ ಅದರಿಂದ ತಪ್ಪಿಸಿಕೊಳ್ಳುತ್ತದೆ, ತಿಂಗಳು ತುಂಬದ ಕೂಸಿನದ್ದಕ್ಕೆ ಆ ಚಾಕಚಕ್ಯತೆ ಬಂದಿರುವುದಿಲ್ಲ. ಲೆಕ್ಕ ಮಾತ್ರ ಹೇಳುತ್ತೇನೆ, ಡಾಕ್ಟರುಗಳ ಬಾಯಿ ಮುಚ್ಚಿಸಿದ್ದು ಅದೇ. 10% ದ್ರಾವಣದಲ್ಲಿ ಸಿಗುವ ಅಯೋಡಿನ್ 1%. ಅಂದರೆ 10 ಎಂಎಲ್‌ನಲ್ಲಿ 100 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ. ಎರಡು ಚಮಚ ಬೆಟಾಡಿನ್‌ನಲ್ಲಿ ಎರಡು ವರ್ಷಕ್ಕೆ ಹತ್ತಿರದ ಅಯೋಡಿನ್ ಇದೆ! ಎಲ್ಲವೂ ಒಳಗೆ ಹೋಗುವುದಿಲ್ಲ, ಸರಿ. ಆದರೆ ಯೋನಿಯ ಒಳಪದರ, ಹಸಿ ಗಾಯ, ಎಳೆಗೂಸಿನ ಚರ್ಮ ಚೆನ್ನಾಗಿಯೇ ಹೀರುತ್ತವೆ. ತಾಯಿಯ ಮೈಗೆ ಸೇರಿದ್ದು ಎದೆಹಾಲಿಗೂ ಬರುತ್ತದೆ.

ಪರಿಹಾರ ಅಂತ ಮೊದಲು ಹೊಳೆದದ್ದು ಎಲ್ಲ ಕಡೆ ಸ್ಪಿರಿಟ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಅನ್ನುವ ಇನ್ನೊಂದು ಕ್ರಿಮಿನಾಶಕ. ಬಿಲ್ಲು ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಕಾಟರಿ (ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವ ಸಾಧನ) ಇರುವ ಕಡೆ ಸ್ಪಿರಿಟ್ ಒಣಗದೆ ನಿಂತರೆ ಬೆಂಕಿ ಅಂತ ಅನಸ್ತೇಸಿಯಾ ಸರ್ ಜಗಳಕ್ಕೆ ಬಂದರು, ಅವರ ಮಾತು ನ್ಯಾಯವೇ. ಕಿಲೋ ತೂಕದ ಕೂಸೊಂದರ ಸೊಂಟದ ಕೆಳಗೆ ಆ ದ್ರಾವಣ ಹರಿದು ಚರ್ಮ ಕೆಂಪಾದ ದಿನವೇ ಮಕ್ಕಳ ಡಾಕ್ಟರು ಎನ್‌ಐಸಿಯುನಲ್ಲಿ ಅದನ್ನು ನಿಲ್ಲಿಸಿದರು. ಆಮೇಲೆ ಬೆಟಾಡಿನ್‌ಗೆ ಸಲೈನ್ ಬೆರೆಸುವ ಬುದ್ಧಿವಂತಿಕೆ ಕೆಲವು ದಿನ ನಡೆಯಿತು. ಒಬ್ಬೊಬ್ಬ ಹುಡುಗಿಯದು ಒಂದೊಂದು ಅಳತೆ, ಬಾಟಲಿ ಮೇಲೆ ತಾರೀಖಿಲ್ಲ. ಇನ್ನೊಂದು, ನೀರು ಬೆರೆಸಿದರೆ ಬಿಡಿ ಅಯೋಡಿನ್ (ಪೊವಿಡೋನಿಗೆ ಅಂಟಿಕೊಳ್ಳದೆ ಇರುವುದು) ಇಳಿಯುತ್ತದೆ ಅಂದುಕೊಳ್ಳುತ್ತೇವೆ, ಒಂದು ಮಟ್ಟದವರೆಗೆ ಅದು ಏರುತ್ತದೆ. ಅದನ್ನೂ ಬಿಟ್ಟೆವು.

ಕೊನೆಗೆ ಕೈಗೆ ಸಿಕ್ಕಿದ್ದು ಸ್ಟೋರಿನ ಇಂಡೆಂಟ್ ಪುಸ್ತಕ, ಅಂದರೆ ಸಾಮಾನು ತರಿಸಿದ ಲೆಕ್ಕ. ತಿಂಗಳಿಗೆ ಅರ್ಧ ಲೀಟರಿನ ಬಾಟಲಿ ನಲವತ್ತರ ಹತ್ತಿರ ಖಾಲಿ. ಓಟಿಗೆ (ಆಪರೇಷನ್ ಕೋಣೆಗೆ) ಅದರಲ್ಲಿ ಅರ್ಧವೂ ಹೋಗಿರಲಿಲ್ಲ. ಮಿಕ್ಕಿದ್ದು ಹೊಲಿಗೆಯವರ ಟಬ್ಬಿಗೆ! ಬಿಸಿನೀರಿಗೆ ಎರಡು ಮುಚ್ಚಳ, ದಿನಕ್ಕೆ ಮೂರು ಸಲ ಕೂರುವುದು, ಮನೆಗೆ ಹೋದಮೇಲೂ ವಾರಗಟ್ಟಲೆ. ಯಾವ ಕಾಲದಲ್ಲಿ ಯಾರು ಶುರುಮಾಡಿದರೋ, ಡಿಸ್ಚಾರ್ಜ್ ಚೀಟಿಯಲ್ಲಿ ಅಚ್ಚಾಗಿಯೇ ಬರುತ್ತಿತ್ತು. ಎರಡನೆಯದು ಹೊಕ್ಕುಳು. ಡೈಪರ್ ಬದಲಿಸಿದಾಗಲೆಲ್ಲ ಒಂದು ಹತ್ತಿ ಅದ್ದಿ ಸವರುವುದು.

ಟಬ್ಬಿಗೆ ಬರೀ ಉಗುರುಬೆಚ್ಚಗಿನ ನೀರು ಮಾಡಿದೆವು. ಹೊಕ್ಕುಳಿಗೆ ಏನೂ ಇಲ್ಲ, ಒಣಗಿದ್ದರೆ ಸಾಕು. ಅಜ್ಜಿಯಂದಿರಿಗೆ ಇದು ಹಿಡಿಸಲಿಲ್ಲ, "ಏನೂ ಹಚ್ಚದೆ ಬಿಡೋದಕ್ಕೆ ಆಸ್ಪತ್ರೆ ಯಾಕಮ್ಮ?" ಅಂದರು. ಕೂಸಿಗೆ ಸೂಜಿ ಹಾಕುವಾಗ ಗಾಸ್ ತುಂಡಿನ ಬದಲು ಕಡ್ಡಿಹತ್ತಿ, ರೂಪಾಯಿಯಗಲ ಜಾಗ, ಒಣಗಲು ಬಿಟ್ಟು ಚುಚ್ಚಿ, ಕೆಲಸ ಮುಗಿದ ಕೂಡಲೇ ಸಲೈನ್‌ನಲ್ಲಿ ಒರೆಸುವುದು. ಸಿಸೇರಿಯನ್‌ಗೆ ಮುಂಚಿನ ಯೋನಿ ಸ್ವಚ್ಛತೆಯನ್ನು ಮುಟ್ಟಲಿಲ್ಲ, ಅದರಿಂದ ಸೋಂಕು ತಗ್ಗುವುದು ನಿಜ. ಆದರೆ ಕಿಡ್ನಿ ಟ್ರೇ ತುಂಬ ಸುರಿಯುವುದು ಬಂದ್, 30 ಎಂಎಲ್ ಕಪ್ಪಿನಲ್ಲಿ ಅಳೆದು ಕೊಡುವುದು. ಸರ್ಜನ್‌ಗಳನ್ನು ಎರಡು ನಿಮಿಷ ಒಣಗುವವರೆಗೆ ಕಾಯಿಸಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಬರೆದರೆ ನಮ್ಮ ಸರ್ಜನ್‌ಗಳೂ ಓದಿಬಿಡುತ್ತಾರೆ, ಬೇಡ.

ಮೊದಲ ಎರಡು ತಿಂಗಳು ಹೊಲಿಗೆ ನೋಡುವುದೇ ನನ್ನ ಕೆಲಸ. ಮೇಟ್ರನ್ ಮೇಡಂ ಒಂದು ಕೀವಿಗಾಗಿ ಕಾದು ಕೂತಿದ್ದರು. ಸೋಂಕಿನ ರಿಜಿಸ್ಟರ್ ಮೊದಲಿದ್ದಂತೆಯೇ ಇತ್ತು. ನಾಲ್ಕನೇ ತಿಂಗಳಿಗೆ ಇಂಡೆಂಟ್ ಹದಿನೈದು ಬಾಟಲಿಗೆ ಇಳಿದಾಗ ಅಕೌಂಟ್ಸ್‌ನವರೇ ಬಂದು ಕೇಳಿದರು, ಸಪ್ಲೈ ಬರುತ್ತಿಲ್ಲವಾ ಅಂತ.

ನಡುವೆ ಒಂದು ಆಟ ಆಡಿದೆ. ನಮ್ಮ ಧೋಬಿ ಓಟಿ ಬಟ್ಟೆಗೆ ಗಂಜಿ ಜಾಸ್ತಿ ಹಾಕುತ್ತಾನೆ. ಗಂಜಿಗೆ ಅಯೋಡಿನ್ ತಾಗಿದರೆ ಕಡುನೀಲಿ. ಅಂಥ ಬಟ್ಟೆಯನ್ನು ಪೇಶೆಂಟಿನ ಬೆನ್ನಡಿ ಹಾಸಿ, ಆಪರೇಷನ್ ಆದಮೇಲೆ ತೆಗೆದು ನೋಡಿದರೆ ಸೊಂಟದ ಕೆಳಗೆ ನೀಲಿ ನಕ್ಷೆ. ಗಂಟೆಗಟ್ಟಲೆ ಒದ್ದೆಯಲ್ಲಿ ಮೈಭಾರ ಬಿದ್ದು ಅಲ್ಲೇ ಚರ್ಮ ಸುಡುವುದು, ನಾವು ಅದನ್ನು ಕಾಟರಿ ಪ್ಲೇಟಿನ ತಲೆಗೆ ಕಟ್ಟುತ್ತಿದ್ದೆವು. ಈಗ ಪಕ್ಕಕ್ಕೆ ಹೀರುವ ಪ್ಯಾಡ್ ಸಿಕ್ಕಿಸಿ, ಆಪರೇಷನ್ ಬಟ್ಟೆ ಹೊದಿಸುವ ಮುಂಚೆ ಎಳೆದು ತೆಗೆಯುತ್ತೇವೆ. ಮೂಳೆ ಕೇಸಿನವರು ಕೈಕಾಲಿಗೆ ಬಿಗಿಯುವ ಟೂರ್ನಿಕೆಟ್ ಪಟ್ಟಿಯ ಅಡಿಗೂ ನೋಡಿಕೊಳ್ಳಲಿ.

ಇನ್ನೊಂದು ಪ್ರಯೋಗ ಚೀಪುವ ವಿಟಮಿನ್ ಸಿ ಮಾತ್ರೆಯದು. ನೀರಲ್ಲಿ ಕರಗಿಸಿ ಒರೆಸಿದರೆ ಕಂದು ಕಲೆ ಕಣ್ಣೆದುರೇ ಮಾಯ. ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ಬೇಡ ಅಂದೆ. ಬಣ್ಣ ಹೋಯಿತೇ ಹೊರತು ಅಯೋಡೈಡ್ ಅಲ್ಲೇ ಇದೆ, ಥೈರಾಯ್ಡ್ ಹಿಡಿಯುವುದು ಅದನ್ನೇ. ಮೇಜು ಒರೆಸಲು ಇಟ್ಟುಕೊಂಡಿದ್ದೇವೆ, ಕೂಸಿಗೆ ಸಲೈನೇ.

ರಿಪೀಟ್ ಇಳಿಯಿತು ಅಂತ ರಿಪೀಟ್ ಮಾಡುವುದನ್ನೇ ಬಿಡುವವರಿದ್ದಾರೆ, ಅವರಿಗೊಂದು ಮಾತು. ಹೋದ ವರ್ಷ ಒಂದು ಹೆಣ್ಣುಕೂಸಿನದ್ದು 80 ದಾಟಿ ಬಂತು. ಡ್ಯೂಟಿಯಲ್ಲಿದ್ದವಳು "ಬೆಟಾಡಿನ್ ಇರಬೇಕು ಸಿಸ್ಟರ್" ಅಂದಳು. ಅವತ್ತೇ ರಕ್ತನಾಳದಿಂದ ಸ್ಯಾಂಪಲ್ ತೆಗೆಸಿದೆವು, ಡಾಕ್ಟರು ಥೈರಾಕ್ಸಿನ್ ಶುರುಮಾಡಿದರು. ಗ್ರಂಥಿಯೇ ಇರಲಿಲ್ಲ. ಬೆಟಾಡಿನ್ ಕತೆ ಹೇಳಿ ರಿಪೀಟ್ ತಪ್ಪಿಸುವವರು ನನ್ನ ರಿಜಿಸ್ಟರ್ ಕೇಳಬೇಡಿ.

ಈಗ ಜಗಳ ಸಿಟಿ ಸ್ಕ್ಯಾನ್ ರೂಮಿನವರ ಜೊತೆ. ಸ್ಕ್ಯಾನಿಗೆ ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧದಲ್ಲಿ ಎಂಎಲ್‌ಗೆ ಸುಮಾರು 300 ಮಿಲಿಗ್ರಾಂ ಅಯೋಡಿನ್, ನಮ್ಮ ಬೆಟಾಡಿನ್ ಅದರ ಮುಂದೆ ಎಷ್ಟರದು? ಮೂರು ವರ್ಷದೊಳಗಿನ ಮಕ್ಕಳಿಗೆ ಕಾಂಟ್ರಾಸ್ಟ್ ಕೊಟ್ಟರೆ ಮೂರು ವಾರದೊಳಗೆ ಥೈರಾಯ್ಡ್ ನೋಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲೇ ಹೇಳಿದೆ. ಇವರ ಫಾರ್ಮಿನಲ್ಲಿ ಮಾತ್ರ ಇನ್ನೂ "ಮೀನು-ಸಿಗಡಿ ಅಲರ್ಜಿ ಇದೆಯೇ?" ಅಂತ ಕೇಳುತ್ತಾರೆ. ಸಿಗಡಿ ಅಲರ್ಜಿ ಬರುವುದು ಅದರ ಪ್ರೋಟೀನಿನಿಂದ, ಅಯೋಡಿನ್‌ನಿಂದಲ್ಲ. ಕೇಳಬೇಕಾದ್ದು ಕುತ್ತಿಗೆಯ ಗಂಟು. ನಮ್ಮ ಕಡೆ ವಯಸ್ಸಾದ ಹೆಂಗಸರಲ್ಲಿ ಹಳೇ ಗಳಗಂಡ ಅಪರೂಪವಲ್ಲ, ಅಂಥವರಿಗೆ ಅಯೋಡಿನ್ ಹೊರೆ ಬಿದ್ದರೆ ಥೈರಾಯ್ಡ್ ಏರಿ ಎದೆ ಹೊಡೆದುಕೊಳ್ಳುತ್ತದೆ. ಸಿಗಡಿ ಹೊಡೆದುಹಾಕಿ ಗಂಟಿನ ಕಾಲಂ ಬರೆದುಕೊಟ್ಟು ಬಂದಿದ್ದೇನೆ. ಪ್ರಿಂಟಿಗೆ ದುಡ್ಡಿಲ್ಲ ಅನ್ನುತ್ತಿದ್ದಾರೆ, ಉಳಿದ ಇಪ್ಪತ್ತೈದು ಬಾಟಲಿಯ ಲೆಕ್ಕ ತೋರಿಸಬೇಕು.