58 ಕೇಳಿದೆ, 54 ಬಂತು: ನನ್ನ ಬಿಲ್ಲಿನ ಹೆದೆಯ ಕತೆ

ಹೋದ ವರ್ಷ ವಿಜಯನಗರದ ಪರಿಚಯದವರೊಬ್ಬರಿಂದ ಹಳೆಯ ಮರದ ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು ಕೊಂಡೆ. ಎಳೆಯಲು 30 ಪೌಂಡ್ ಬಲ ಬೇಕು. ಬಿಲ್ಲು ಗಟ್ಟಿಯಾಗಿತ್ತು, ಹೆದೆ ಮಾತ್ರ ಎಳೆ ಬಿಟ್ಟಿತ್ತು. ಹೊಸದು ತರಿಸಿದರಾಯಿತು, ಅಷ್ಟೇ ಅಲ್ವಾ ಅಂದುಕೊಂಡೆ.

ಬಿಲ್ಲಿನ ಮೇಲೆ ಅದರ ಉದ್ದ 62 ಇಂಚು ಎಂದಿತ್ತು. ರಿಕರ್ವ್‌ಗೆ ಹೆದೆ ನಾಲ್ಕು ಇಂಚು ಗಿಡ್ಡ ಇರಬೇಕು ಎಂದು ಓದಿದ್ದೆ. ಲೆಕ್ಕ ಹಾಕಿ 58ರದ್ದು ತರಿಸಿದೆ. ಸ್ಟ್ರಿಂಗರ್, ಅಂದರೆ ಬಿಲ್ಲು ಬಗ್ಗಿಸಿ ಹೆದೆ ಏರಿಸುವ ಹಗ್ಗ, ಮೆಟ್ಟಿ ಎಷ್ಟು ಎಳೆದರೂ ಕುಣಿಕೆ ಬಿಲ್ಲಿನ ತುದಿಯ ಹತ್ತಿರಕ್ಕೂ ಬರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಶಿವಧನುಸ್ಸು ಮುರಿದ್ರೆ ಮದುವೆನಾದ್ರೂ ಆಗುತ್ತೆ ಕಣೋ. ಇದು ಮುರಿದ್ರೆ ದುಡ್ಡು ಹೋಗುತ್ತೆ, ಬಿಡು!"

ಅವಳ ಹೊಲಿಗೆ ಟೇಪಿನಲ್ಲೇ ಹೆದೆ ಅಳೆದೆ. 54 ಇಂಚು! ಪ್ಯಾಕೆಟ್ಟಿನ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಹೆದೆಯ ಉದ್ದವಲ್ಲ, ಅದು ಎಷ್ಟು ಇಂಚಿನ ಬಿಲ್ಲಿಗೆ ಅನ್ನೋದು. ಎಎಂಓ, ಅಂದರೆ ಬಿಲ್ಲು-ಬಾಣ ತಯಾರಕರ ಸಂಘದ ಅಳತೆ ಅಂದರೆ ಇದೇ. ನಾನು ನಾಲ್ಕು ಕಳೆದಿದ್ದೆ, ಹೆದೆ ಮಾಡಿದವರು ಮತ್ತೆ ನಾಲ್ಕು ಕಳೆದಿದ್ದರು. ಈಗ ಆರ್ಡರ್ ಮಾಡುವಾಗ "62ರ ಬಿಲ್ಲಿಗೆ, ಹೆದೆಯ ನಿಜವಾದ ಉದ್ದ 58" ಎಂದು ಎರಡನ್ನೂ ಬರೆಯುತ್ತೇನೆ. ತುದಿ ಮುಂದಕ್ಕೆ ಬಾಗದ ಉದ್ದ ಬಿಲ್ಲು, ಲಾಂಗ್‌ಬೋ ಆದರೆ ಮೂರು ಇಂಚು ಕಳೆದರೆ ಸಾಕು. ಕುದುರೆ ಸವಾರರ ಗಿಡ್ಡ ಬಿಲ್ಲುಗಳಿಗೆ ಮಾತ್ರ ಈ ಲೆಕ್ಕ ನಂಬಬೇಡಿ, ಅವುಗಳ ಬಾಗು ಒಂದೊಂದಕ್ಕೂ ಬೇರೆ. ಅದನ್ನು ಮಾಡಿದವರನ್ನೇ ಕೇಳಬೇಕು.

ಎರಡನೇ ಸಲ ಡಾಕ್ರಾನ್, ಅಂದರೆ ಪಾಲಿಯೆಸ್ಟರ್ ದಾರದ ಹೆದೆ ತರಿಸಿದೆ. ಫಾಸ್ಟ್ ಫ್ಲೈಟ್ ಅನ್ನೋ ಇನ್ನೊಂದು ಬಗೆಯ ದಾರದ ಹೆದೆ ಹಿಗ್ಗುವುದು ಕಡಿಮೆ, ಬಾಣ ಬಿಟ್ಟಾಗಿನ ಹೊಡೆತವೆಲ್ಲ ತುದಿಗೆ ಬೀಳುತ್ತದೆ. ಹಳೆಯ ಬಿಲ್ಲಿನ ತುದಿ ಸೀಳಬಹುದು.

ಕನಕಪುರ ರಸ್ತೆ ಆಚೆ ಗೆಳೆಯನ ತೋಟದಲ್ಲಿ ಹುಲ್ಲಿನ ಮೂಟೆ ಇಟ್ಟು ಶುರು ಮಾಡಿದೆ. ಬ್ರೇಸ್ ಹೈಟ್, ಅಂದರೆ ಹಿಡಿಯ ತೀರಾ ಒಳಗಿನ ಭಾಗದಿಂದ ಹೆದೆಗೆ ಇರುವ ದೂರ, ಬೆಳಿಗ್ಗೆ 7 ಇಂಚಿತ್ತು. ಐವತ್ತು ಬಾಣ ಬಿಡುವಷ್ಟರಲ್ಲಿ ಆರೂವರೆಗೆ ಇಳಿದಿತ್ತು. ಹೊಸ ಡಾಕ್ರಾನ್ ಹಿಗ್ಗುತ್ತದೆ, ಅದು ಸಹಜ. ಆದರೆ ಹೆದೆ ಮುಂಗೈಗೆ ಪಟಪಟ ಬಡಿದು ಚರ್ಮ ನೀಲಿಗಟ್ಟಿತು.

ಇದಕ್ಕೆ ಮದ್ದು ಹೆದೆಯನ್ನು ತಿರುಚುವುದು. ಒಂದು ಕುಣಿಕೆ ಬಿಚ್ಚಿ, ಹೆದೆಯ ನಡುವೆ ಬಾಣ ಕೂರುವಲ್ಲಿ ಹಾಕಿರುವ ದಾರದ ಸುತ್ತು ಇನ್ನೂ ಬಿಗಿಯಾಗುವ ಕಡೆಗೇ ತಿರುಚಬೇಕು. ಉಲ್ಟಾ ತಿರುಚಿದರೆ ಆ ಸುತ್ತು ಸಡಿಲವಾಗುತ್ತದೆ. ಹೆದೆ ಸ್ವಲ್ಪವೇ ಗಿಡ್ಡವಾದರೂ ಬ್ರೇಸ್ ಹೈಟ್ ಅದಕ್ಕಿಂತ ಜಾಸ್ತಿ ಏರುತ್ತದೆ. ಹಾಗಾಗಿ ಐದೈದೇ ಸುತ್ತು ಹಾಕಿ, ಪ್ರತಿ ಸಲ ಹತ್ತು ಬಾಣ ಬಿಟ್ಟು ಸದ್ದು ಕೇಳುತ್ತಾ ಹೋದೆ. ಮೊದಲು ತಂತಿ ಮಿಡಿದಂತೆ ಗುಂಯ್ ಅನ್ನುತ್ತಿತ್ತು. ಏಳೂ ಮುಕ್ಕಾಲಿಗೆ ಬಂದಾಗ ಬರೀ ಒಂದು "ಠಪ್". ಬಿಲ್ಲಿನ ನಡುಕವೂ ಕೈಗೆ ತಾಕಲಿಲ್ಲ. ಆಸೆ ತಡೆಯದೆ ಎಂಟೂ ಕಾಲಿಗೆ ಏರಿಸಿದೆ. ಬಾಣ ಕೆಳಗೆ ಬೀಳತೊಡಗಿತು, ಹೆದೆ ತಳ್ಳುವ ದೂರ ಕಡಿಮೆಯಾಯಿತಲ್ಲ. ಸುಮ್ನೆ ಏಳೂ ಮುಕ್ಕಾಲಿಗೇ ವಾಪಸ್ ಬಂದೆ.

ಲೆಕ್ಕ ಹಾಕಿದರೆ ಒಟ್ಟು ಇಪ್ಪತ್ತು ಚಿಲ್ಲರೆ ಸುತ್ತು. ಐವತ್ತು ಸುತ್ತು ಬೇಕಾಗಿದ್ದರೆ ಹೆದೆಯೇ ಉದ್ದವಾಯಿತು ಎಂದು ಬದಲಿಸುತ್ತಿದ್ದೆ. ಆಮೇಲೆ ಬಾಣ ಕೂರಿಸುವ ಗುರುತನ್ನೂ ಅಳೆದು ಮತ್ತೆ ಕಟ್ಟಿದೆ, ತಿರುಚುವಾಗ ಅದೂ ಜರುಗಿತ್ತು.

ಆ 54ರ ಹೆದೆ? ತೋಟದ ಗೆಳೆಯನದು 58ರ ರಿಕರ್ವ್. ಅವನಿಗೆ ಸರಿಯಾಗಿ ಕೂತಿತು. ಬದಲಿಗೆ ಎರಡು ಎಳನೀರು ಕುಡಿಸಿದ.