ಮಾಡ್ಯೂಲ್ ಹೆಸರುಗಳನ್ನು ನಾಲ್ಕು ಕಾಲಮ್ಮಿಗೆ ಇಳಿಸಿದ ಮೇಲೆ

ಹೋದ ತಿಂಗಳು ಹದಿನಾರು ಫೈಬರ್ ಲಿಂಕ್ ಹಾಕಿದೆ. ಪ್ರತಿ ಲಿಂಕಿನ ಎರಡೂ ತುದಿಗೆ ಒಂದೊಂದು ಮಾಡ್ಯೂಲ್ ಬೇಕು, ಅಂದರೆ ಸ್ವಿಚ್ಚಿನಲ್ಲಿ ಕೂತು ವಿದ್ಯುತ್ ಸಿಗ್ನಲ್ಲನ್ನು ಬೆಳಕಾಗಿಸುವ ಪುಟ್ಟ ಡಬ್ಬಿ. ಹದಿನಾರೂ ಮೊದಲ ಸಲಕ್ಕೇ ಬಂದವು. ‘ಸ್ವಿಚ್ ಕಂಪನಿಯ ಪಾರ್ಟ್ ನಂಬರ್ ಹಾಕಿ ತರಿಸಿಬಿಡಿ, ಹೆಸರು ಬಿಡಿಸ್ತಾ ಕೂತ್ರೆ ಆಗೋದಲ್ಲ’ ಅಂದವರೇ ಈಗ ಮಾಡ್ಯೂಲ್ ಹೆಸರುಗಳನ್ನು ಬಿಡಿಸಿ ಬರೆದ ನನ್ನ ಹಾಳೆ ಕೇಳುತ್ತಿದ್ದಾರೆ.

ಇದಕ್ಕೆ ಮುಂಚೆ ಕಳೆದ ದುಡ್ಡು ಕಡಿಮೆಯಲ್ಲ. ಹಳೇ ಗಿಗಾಬಿಟ್ ಲಿಂಕುಗಳಲ್ಲಿ ಎಲ್‌ಎಕ್ಸ್ ಮಾಡ್ಯೂಲು (ದೂರದ ಓಟದ್ದು) ಮಲ್ಟಿಮೋಡ್ ಮೇಲೂ, ಅಂದರೆ ಹತ್ತಿರದ ಓಟಕ್ಕೆ ಹಾಕುವ ಎಳೆಯ ಮೇಲೂ, ಚೆನ್ನಾಗಿ ಓಡುತ್ತಿತ್ತು. ಎಲ್ ಅಂದರೆ ಎಲ್ಲಾ ಕಡೆ ಅದೇ ಎಲ್ ಅಂದುಕೊಂಡು, ನಲವತ್ತು ಮೀಟರಿನ ಓಎಂ3 ಎಳೆಗೆ (ಅದೂ ಮಲ್ಟಿಮೋಡೇ) ಸಿಂಗಲ್ ಮೋಡ್ ಎಳೆಗೆಂದು ಮಾಡಿದ 10ಜಿ (ಸೆಕೆಂಡಿಗೆ 10 ಗಿಗಾಬಿಟ್) ಎಲ್‌ಆರ್ ತರಿಸಿದೆ. ಲಿಂಕ್ ಬರೋದು, ಹೋಗೋದು, ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟ ಡೇಟಾದ ಲೆಕ್ಕ) ಏರುತ್ತಲೇ ಇರೋದು. ಎರಡು ದಿನ ಕನೆಕ್ಟರ್ ಒರೆಸಿದೆ. ಆ ಓಎಂ3 ಮೇಲೆ 300 ಮೀಟರ್ ಹೋಗುವ, ಮಲ್ಟಿಮೋಡಿಗೆಂದೇ ಇರುವ ಎಸ್‌ಆರ್ ಸಾಕಿತ್ತು, ಅದೂ ಎಲ್‌ಆರ್‌ಗಿಂತ ಎಷ್ಟೋ ಅಗ್ಗ. ಆಮೇಲೆ ಬೈಡೈ, ಅಂದರೆ ಒಂದೇ ಎಳೆಯಲ್ಲಿ ಎರಡು ತರಂಗಾಂತರದ ಬೆಳಕಿನಿಂದ ಹೋಗೋದು ಬರೋದು ಎರಡೂ ಮಾಡುವ ಮಾಡ್ಯೂಲ್. ಜೋಡಿ ಅಂತ ಒಂದೇ ನಮೂನೆಯ ಎರಡು ತರಿಸಿದ್ದೆ. ಎರಡೂ 1270 ನ್ಯಾನೋಮೀಟರಿನಲ್ಲಿ ಕಳಿಸುತ್ತವೆ, 1330ಕ್ಕೆ ಕಾಯುತ್ತವೆ, ಅದನ್ನು ಕಳಿಸುವವರೇ ಇಲ್ಲ. ಡ್ರಾಯರಿಗೆ ಹೋದವು.

ಆಗ ಹೊಳೆದದ್ದು ಇಷ್ಟು: ಯಾವ ಹೆಸರೂ ಪೂರ್ತಿ ವಿಷಯ ಹೇಳುವುದಿಲ್ಲ. ಎಸ್‌ಎಫ್‌ಪಿ28 ಡಬ್ಬಿಯ ಆಕಾರ, ವೇಗ ಹೇಳುತ್ತದೆ, ಬೆಳಕಿನ ಸುದ್ದಿಯೇ ಇಲ್ಲ. ಆ 28 ಕೂಡ ಸಿಗ್ನಲ್ಲಿನ ಮೇಲ್ಮಿತಿ, ಲಿಂಕ್ ಸಿಗೋದು 25ಜಿ. ಕ್ಯೂಎಸ್‌ಎಫ್‌ಪಿ28 ಅಂದರೆ ಅಂಥ ನಾಲ್ಕು ಲೇನ್, 100ಜಿ. 10ಜಿಬೇಸ್-ಎಲ್‌ಆರ್ ವೇಗ, ಬೆಳಕು ಎರಡನ್ನೂ ಹೇಳುತ್ತದೆ, ಡಬ್ಬಿ ಯಾವುದೆಂದು ಹೇಳುವುದಿಲ್ಲ. ಎಕ್ಸ್‌ಎಫ್‌ಪಿಯೂ ಇರಬಹುದು, ಎಸ್‌ಎಫ್‌ಪಿ ಪ್ಲಸ್ಸೂ ಇರಬಹುದು. ಅದಕ್ಕೆ ಡಬ್ಬಿ, ವೇಗ, ಬೆಳಕು, ಎಳೆ ಅಂತ ನಾಲ್ಕು ಕಾಲಮ್ ಮಾಡಿದೆ. ಹೆಸರಿನಿಂದ ತುಂಬಿದ್ದು ತುಂಬಲಿ, ಖಾಲಿ ಉಳಿದ ಮನೆಗೆ ಡೇಟಾಶೀಟ್ ನೋಡಿ ಬರೆದೆ. ಬೆಳಕಿನ ಮನೆಗೆ ಕಳಿಸೋದು, ಕೇಳೋದು ಎರಡೂ ನ್ಯಾನೋಮೀಟರ್ ಬೇಕು. ಒಂದು ಮನೆ ಖಾಲಿಯಿದ್ದರೂ ಆರ್ಡರ್ ಹೋಗುವುದಿಲ್ಲ. ಕೈಗೆ ಬಂದ ಮೇಲೆ ಇತ್‌ಟೂಲ್‌ನಲ್ಲಿ (ಲಿನಕ್ಸಿನ ನೆಟ್ವರ್ಕ್ ಕಮಾಂಡು) ಈಪ್ರಾಮ್, ಅಂದರೆ ಮಾಡ್ಯೂಲಿನೊಳಗೆ ಅದರ ವಿವರ ಬರೆದಿಟ್ಟ ಚಿಪ್, ಓದಿ ತಾಳೆ ನೋಡುತ್ತೇನೆ. ಬೇರೆ ಕಂಪನಿಯ ಮಾಡ್ಯೂಲನ್ನು ಯಾವ ಸ್ವಿಚ್ ಒಪ್ಪುತ್ತದೆ ಅಂತ ಕೊಳ್ಳುವ ಮೊದಲೇ ಗುರುತಿಸಲು ನನ್ನದೇ ಒಂದು ದಾರಿ ಇದೆ, ಅದನ್ನು ಸದ್ಯಕ್ಕೆ ಬರೆಯುವುದಿಲ್ಲ.

ಇದೇ ಹುರುಪಿನಲ್ಲಿ ಲಿನಕ್ಸ್ ಸರ್ವರುಗಳ ನೆಟ್ವರ್ಕ್ ಕಾರ್ಡುಗಳ ಹೆಸರಿಗೂ ಕೈ ಹಾಕಿದೆ. ಕಾರ್ಡ್ ಕೂತ ಬಸ್ಸಿನ ನಂಬರ್ ಹಿಡಿದು ಲಿನಕ್ಸ್ ಅದಕ್ಕೆ ಹೆಸರಿಡುತ್ತದೆ. ಸರ್ವರಿಗೆ ಎನ್‌ವಿಎಂಇ ಕಾರ್ಡ್ (ವೇಗದ ಡಿಸ್ಕ್) ಸೇರಿಸಿದ್ದಕ್ಕೆ ಬಸ್ ನಂಬರ್ ಸರಿದು, ಇಎನ್‌ಪಿ3ಎಸ್0 ಇದ್ದದ್ದು ಇಎನ್‌ಪಿ4ಎಸ್0 ಆಗಿ, ದೂರದಿಂದ ಲಾಗಿನ್ನೇ ಇಲ್ಲ. ಈಗ ಸಿಸ್ಟಂಡಿಯ (ಲಿನಕ್ಸನ್ನು ಎಬ್ಬಿಸಿ ನಡೆಸುವ ಪ್ರೋಗ್ರಾಂ) ಲಿಂಕ್ ಫೈಲಿನಲ್ಲಿ ಮ್ಯಾಕ್ ವಿಳಾಸ, ಅಂದರೆ ಕಾರ್ಡಿಗೆ ಕಾರ್ಖಾನೆಯಲ್ಲೇ ಕೊಟ್ಟ ನಂಬರ್, ಹಿಡಿದು ನಾನೇ ಹೆಸರಿಡುತ್ತೇನೆ, ಕೇಬಲ್ ಪಟ್ಟಿಗೂ ಅದೇ ಹೆಸರು. ಏಳೆಂಟು ಸರ್ವರ್ ಆಗಿವೆ, ಇನ್ನೂ ಅಷ್ಟೇ ಬಾಕಿ.

ಡ್ರಾಯರಿನ ಬೈಡೈ ಎರಡನ್ನೂ ಹೊರತೆಗೆದೆ. 1330ರಲ್ಲಿ ಕಳಿಸುವ ಎರಡನ್ನು ಮಾತ್ರ ಕೊಂಡೆ. ಹದಿನಾರರಲ್ಲಿ ಎರಡು ಲಿಂಕ್ ಅವುಗಳ ಮೇಲೇ ಓಡುತ್ತಿವೆ.